ಮುರಕಲ್ಲಿನ ಅಂಗಳದಲ್ಲಿ ಎಂಜಿನ್ ಆಯಿಲ್ ಬದಲಾವಣೆ: ಕೆಲಸದ ವಿವರ

ನಮ್ಮ ಮನೆ ಇರುವುದು ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ. ಅಂಗಳದ ನೆಲ ಮುರಕಲ್ಲಿನದು, ಅಂದರೆ ತೂತು ತೂತಾದ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಅದರ ಮೇಲೆ ತೆಳ್ಳಗೆ ಜಲ್ಲಿ ಹುಡಿ ಹಾಸಿದ್ದೇವೆ. ಅಂಗಳದ ಒಂದು ಮೂಲೆಯಲ್ಲಿ ಕುಡಿಯುವ ನೀರಿನ ಬಾವಿ ಇದೆ. ಕಾರು 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಹಳೆಯ ಮಾರುತಿ ಸ್ವಿಫ್ಟ್. ವಾರಂಟಿ ಮುಗಿದ ಬಳಿಕ ಅದರ ಎಂಜಿನ್ ಆಯಿಲನ್ನು ಮನೆಯಲ್ಲಿಯೇ ಬದಲಾಯಿಸುತ್ತ ಬಂದಿದ್ದೇನೆ. ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸುವುದು, ಫಿಲ್ಟರ್ ಬದಲಿಸಿ ಹೊಸದನ್ನು ತುಂಬುವುದು, ಇಷ್ಟು ಎಲ್ಲ ಊರಿನಲ್ಲಿಯೂ ಒಂದೇ. ಆದರೆ ಈ ಕರಾವಳಿಯಲ್ಲಿ ಆ ಕೆಲಸವನ್ನು ಯಾವಾಗ ಮಾಡಬೇಕು, ಕಾರನ್ನು ಯಾವುದರ ಮೇಲೆ ನಿಲ್ಲಿಸಬೇಕು, ಇಳಿಸಿದ ಆಯಿಲನ್ನು ಎಲ್ಲಿಗೆ ತಲುಪಿಸಬೇಕು ಎಂಬುದನ್ನು ಮಳೆ, ಉಪ್ಪುಗಾಳಿ ಮತ್ತು ಬಾವಿಗಳೇ ನಿರ್ಧರಿಸುತ್ತವೆ. ಅದಕ್ಕಾಗಿಯೇ ಈ ಸಲದ ಕೆಲಸವನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲು ಕಾಲದ ಮಾತು. ನಮ್ಮ ಕಾರಿನ ಕೈಪಿಡಿಯಂತೆ 10,000 ಕಿಲೋಮೀಟರ್ ಅಥವಾ 12 ತಿಂಗಳು, ಇವುಗಳಲ್ಲಿ ಯಾವುದು ಮೊದಲು ಬರುತ್ತದೆಯೋ ಆಗ ಆಯಿಲ್ ಬದಲಾಯಿಸಬೇಕು. ನಮ್ಮಲ್ಲಿ ಬಹಳ ಮಂದಿ ಕಿಲೋಮೀಟರಿನ ಲೆಕ್ಕವನ್ನು ಮಾತ್ರ ಇಟ್ಟುಕೊಂಡು, ಇನ್ನೂ ಐದು ಸಾವಿರವೂ ಓಡಿಲ್ಲವೆಂದು ಎರಡು ಮಳೆಗಾಲ ಕಳೆಯುವ ತನಕ ಅದೇ ಆಯಿಲಿನಲ್ಲಿ ಕಾರು ಓಡಿಸುತ್ತಾರೆ. ಇದು ಯಾಕೆ ತಪ್ಪು ಎಂಬುದನ್ನು ಎಂಜಿನ್ನಿನ ಒಳಗೆ ನಡೆಯುವುದನ್ನು ನೋಡಿ ತಿಳಿಯಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರ ಬಹುಪಾಲು ಸೈಲೆನ್ಸರಿನ ಮೂಲಕ ಹೊರಗೆ ಹೋದರೂ, ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು, ಆಯಿಲ್ ನಿಲ್ಲುವ ತಳದ ಚೇಂಬರನ್ನು ಸೇರುತ್ತದೆ. ಮಂಗಳೂರಿನ ತನಕ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದ ಕಾರಿನಲ್ಲಿ ಆಯಿಲ್ ಚೆನ್ನಾಗಿ ಬಿಸಿಯಾಗುವುದರಿಂದ ಈ ನೀರು ಪುನಃ ಆವಿಯಾಗಿ ಹೊರಟುಹೋಗುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಪೇಟೆಯಿಂದ ಮೀನು ತರಕಾರಿ ತಂದು ಎಂಜಿನ್ ಬಿಸಿಯಾಗುವ ಮೊದಲೇ ನಿಂತುಬಿಡುವ ಕಾರಿನಲ್ಲಿ ಅದು ಹೋಗುವುದೇ ಇಲ್ಲ. ನೀರಿನ ಜೊತೆಗೆ ಉರಿಯದೆ ಉಳಿದ ಪೆಟ್ರೋಲೂ ಸ್ವಲ್ಪ ಸ್ವಲ್ಪವಾಗಿ ಸೇರಿ ಆಯಿಲನ್ನು ತೆಳುವಾಗಿಸುತ್ತದೆ. ದಹನದಿಂದ ಹುಟ್ಟಿದ ಆಮ್ಲಗಳು ಆ ತೇವದಲ್ಲಿ ಬೇರಿಂಗುಗಳನ್ನು ಕೊರೆಯತೊಡಗುತ್ತವೆ. ಆಯಿಲಿನಲ್ಲಿ ಬೆರೆಸಿರುವ ರಾಸಾಯನಿಕಗಳು ಆ ಆಮ್ಲವನ್ನು ತಟಸ್ಥಗೊಳಿಸುತ್ತ ತಾವೇ ಖರ್ಚಾಗುತ್ತವೆ. ಕಡಿಮೆ ಓಡುವ ಕಾರಿನ ಆಯಿಲ್ ಹೆಚ್ಚು ಕಾಲ ಬಾಳುತ್ತದೆ ಎಂಬುದು ತಪ್ಪು ಎಣಿಕೆ. ಕಡಿಮೆ ಓಡುವ, ಅದರಲ್ಲೂ ಚಿಕ್ಕ ಚಿಕ್ಕ ದೂರ ಓಡುವ ಕಾರಿಗೆ ತಿಂಗಳಿನ ಲೆಕ್ಕವೇ ಮುಖ್ಯ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಸೀಮೆಯಲ್ಲಿ ಈ ತೇವದ ತೊಂದರೆ ಜೂನ್‌ನಿಂದ ಸೆಪ್ಟೆಂಬರಿನ ತನಕ ಇನ್ನೂ ಹೆಚ್ಚು. ಆದ್ದರಿಂದ ವರ್ಷಕ್ಕೊಮ್ಮೆ ಮಾಡುವ ಈ ಕೆಲಸವನ್ನು ಮಳೆಗಾಲ ಕಳೆದ ಮೇಲೆ, ಆಯುಧ ಪೂಜೆಯ ಆಸುಪಾಸಿನಲ್ಲಿ ಇಟ್ಟುಕೊಂಡಿದ್ದೇನೆ. ಮೇ ತಿಂಗಳಿನಲ್ಲಿ ಹೊಸ ಆಯಿಲ್ ಹಾಕಿ ಮಳೆಗಾಲಕ್ಕೆ ಸಿದ್ಧರಾಗಬೇಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಮಳೆಗಾಲದಲ್ಲಿ ಸೇರಿದ ನೀರು ಮತ್ತು ಆಮ್ಲವನ್ನು ಮುಂದಿನ ಮೇ ತನಕ ಎಂಜಿನ್ನಿನ ಒಳಗೆ ಇಟ್ಟುಕೊಳ್ಳುವುದಕ್ಕಿಂತ ಮಳೆ ನಿಂತ ಕೂಡಲೇ ಹೊರಹಾಕುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಆ ಹೊತ್ತಿಗೆ ಅಂಗಳವೂ ಬಹುಮಟ್ಟಿಗೆ ಒಣಗಿರುತ್ತದೆ, ಕಾರಿನ ಅಡಿಯಲ್ಲಿ ಮಲಗಿ ಕೆಲಸ ಮಾಡಲು ಅನುಕೂಲವಾಗುತ್ತದೆ.

ಆಯಿಲಿನ ಆಯ್ಕೆಯಲ್ಲಿ ಕೈಪಿಡಿಯನ್ನು ಮೀರುವ ಅಗತ್ಯವಿಲ್ಲ. ನಮ್ಮ ಕಾರಿಗೆ ಸೂಚಿಸಿರುವುದು 5ಡಬ್ಲ್ಯು-30. ಇದರಲ್ಲಿ ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ನಂತರದ 30 ಎಂಬುದು ನೂರು ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ (ದಪ್ಪ) 9.3ರಿಂದ 12.5 ಸೆಂಟಿಸ್ಟೋಕ್‌ನ ಒಳಗೆ ಇದೆ ಎಂಬುದನ್ನೂ ತಿಳಿಸುತ್ತವೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಸೆಕೆಯೇ ಹೆಚ್ಚು, ಆದ್ದರಿಂದ 20ಡಬ್ಲ್ಯು-50ಯಂತಹ ದಪ್ಪ ಆಯಿಲ್ ಒಳ್ಳೆಯದು ಎಂದು ಕೆಲವರು ಸಲಹೆ ಕೊಡುತ್ತಾರೆ. ಇಂದಿನ ಎಂಜಿನ್ನುಗಳ ಬೇರಿಂಗಿನ ಸಂದುಗಳು ಮತ್ತು ಆಯಿಲ್ ಹರಿಯುವ ದಾರಿಗಳು ತೆಳು ಆಯಿಲಿಗೆಂದೇ ರೂಪಿಸಿದಂಥವು. ಬೆಳಿಗ್ಗೆ ಎಂಜಿನ್ ಚಾಲೂ ಆದ ಮೊದಲ ಕ್ಷಣಗಳಲ್ಲಿ ಆಯಿಲ್ ಬೇಗನೆ ಮೇಲಿನ ಕ್ಯಾಮ್‌ಶಾಫ್ಟಿನ ತನಕ ತಲುಪುವುದು ನಮ್ಮ ಸೆಕೆಯಲ್ಲಿಯೂ ಬೇಕಾದದ್ದೇ. ಗುಣಮಟ್ಟದ ಸೂಚನೆಯಾಗಿ ಡಬ್ಬಿಯ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್) ದರ್ಜೆ ಎಸ್‌ಎನ್ ಅಥವಾ 2020ರಲ್ಲಿ ಬಂದ ಎಸ್‌ಪಿ ಎಂದಿದೆಯೇ ಎಂದು ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಬೈಕಿಗೆಂದು ತಂದ ಆಯಿಲ್ ಉಳಿದಿದ್ದರೆ ಅದನ್ನು ಕಾರಿಗೆ ಸುರಿಯಬಾರದು. ಬೈಕಿನಲ್ಲಿ ಕ್ಲಚ್ ಕೂಡ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಅದರ ತಯಾರಿಯೇ ಬೇರೆ.

ಆಯಿಲ್, ಫಿಲ್ಟರ್ ಮತ್ತು ಹಳೆಯ ಆಯಿಲ್ ಇಳಿಸಲು ಚೇಂಬರಿನಲ್ಲಿರುವ ಡ್ರೈನ್ ಬೋಲ್ಟಿನ ವಾಷರ್ ಈ ಮೂರನ್ನೂ ಬಿಲ್ ಕೊಡುವ ಅಂಗಡಿಯಿಂದಲೇ ತಂದೆ. ನಕಲಿ ಆಯಿಲ್ ಮತ್ತು ನಕಲಿ ಫಿಲ್ಟರ್ ಮಾರುಕಟ್ಟೆಯಲ್ಲಿ ಇರುವುದರಿಂದ ಮುಚ್ಚಳದ ಸೀಲು, ತಯಾರಾದ ತಿಂಗಳು ಮತ್ತು ಬ್ಯಾಚ್ ಸಂಖ್ಯೆಗಳನ್ನು ಅಂಗಡಿಯಲ್ಲಿಯೇ ನೋಡಬೇಕು. ಕಾರಿಗೆ ಫಿಲ್ಟರ್ ಸಹಿತ ಹಿಡಿಸುವುದು ಸುಮಾರು 3.1 ಲೀಟರ್, 3.5 ಲೀಟರಿನ ಕ್ಯಾನ್ ಒಂದು ಸಾಕು, ಸ್ವಲ್ಪ ಉಳಿಯುತ್ತದೆ. ಉಪಕರಣಗಳಲ್ಲಿ ಆರು ಮೂಲೆಯ 17 ಮಿಲಿಮೀಟರಿನ ಸಾಕೆಟ್, ಉದ್ದ ಹಿಡಿಯ ರ‍್ಯಾಚೆಟ್, ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚ್, ಫಿಲ್ಟರ್ ಬಿಚ್ಚುವ ಕಪ್, ಹೈಡ್ರಾಲಿಕ್ ಜಾಕ್, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಜಾಕ್ ಸ್ಟ್ಯಾಂಡ್, ಐದು ಲೀಟರಿಗಿಂತ ದೊಡ್ಡದಾದ ಅಗಲ ಬಾಯಿಯ ತಟ್ಟೆ, ಬಾಯಿ ಬಿಗಿಯಾಗಿ ಮುಚ್ಚುವ ಒಣ ಕ್ಯಾನ್, ನೈಟ್ರೈಲ್ ಕೈಗವಸು ಮತ್ತು ಕಾಟನ್ ವೇಸ್ಟ್. ಇವುಗಳಲ್ಲಿ ಟಾರ್ಕ್ ರೆಂಚ್ ಮತ್ತು ಜಾಕ್ ಸ್ಟ್ಯಾಂಡುಗಳಿಗೆ ಹಣ ಹಾಕಲು ಹಿಂಜರಿಯುವವರು ಈ ಕೆಲಸವನ್ನು ಗ್ಯಾರೇಜಿಗೇ ಬಿಡುವುದು ಒಳ್ಳೆಯದು ಎಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಕಾರನ್ನು ಎತ್ತಿ ನಿಲ್ಲಿಸುವ ವಿಷಯದಲ್ಲಿ ನಮ್ಮ ಕಡೆಯ ಒಂದು ಅಭ್ಯಾಸವನ್ನು ಬಲವಾಗಿ ವಿರೋಧಿಸಬೇಕಾಗಿದೆ. ಅಂಗಳದ ಮೂಲೆಯಲ್ಲಿ ಮುರಕಲ್ಲುಗಳ ರಾಶಿ ಇರದ ಮನೆ ಇಲ್ಲಿ ಕಡಿಮೆ. ಜಾಕಿನಿಂದ ಕಾರನ್ನು ಎತ್ತಿ, ಎರಡು ಮೂರು ಮುರಕಲ್ಲುಗಳನ್ನು ಒಂದರ ಮೇಲೊಂದು ಅಡೆ ಇಟ್ಟು ಅಡಿಗೆ ನುಗ್ಗುವವರನ್ನು ಕಣ್ಣಾರೆ ಕಂಡಿದ್ದೇನೆ. ಗೋಡೆಯಲ್ಲಿ ಹಾಸು ಹಾಸಾಗಿ ಭಾರ ಹೊರುವ ಕಲ್ಲು, ಒಂದೇ ಬಿಂದುವಿನಲ್ಲಿ ಭಾರ ಬಿದ್ದಾಗ ಹಾಗೆಯೇ ಹೊರುತ್ತದೆ ಎಂದು ನಂಬುವಂತಿಲ್ಲ. ಅದರ ಒಳಗೆ ತೂತುಗಳೂ ಜೇಡಿಯ ಗೂಡುಗಳೂ ಇರುತ್ತವೆ. ನೀರು ಹೀರಿದಾಗ ಅದರ ಬಲ ಇನ್ನೂ ಕುಗ್ಗುತ್ತದೆ. ಒಡೆಯುವ ಮೊದಲು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಸುಮಾರು ಒಂದು ಟನ್ ತೂಕದ ವಾಹನದ ಅಡಿಯಲ್ಲಿ ತಲೆ ಇಡುವವರು ಮುರಕಲ್ಲನ್ನಾಗಲಿ, ಸಿಮೆಂಟ್ ಬ್ಲಾಕನ್ನಾಗಲಿ, ಬರಿಯ ಜಾಕನ್ನಾಗಲಿ ನಂಬಬಾರದು. ಹೈಡ್ರಾಲಿಕ್ ಜಾಕಿನ ಸೀಲು ಯಾವಾಗ ಬೇಕಾದರೂ ಸೋರಿ ಕುಸಿಯಬಹುದು. ಅದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ.

ಎರಡನೆಯ ಎಚ್ಚರಿಕೆ ನೆಲದ್ದು. ಮಳೆ ಮುಗಿದು ವಾರಗಳಾದರೂ ಅಂಗಳದ ಮೇಲ್ಪದರ ಕೆಲವು ಕಡೆ ಮೆತ್ತಗಿರುತ್ತದೆ ಮತ್ತು ಜಾಕ್ ಸ್ಟ್ಯಾಂಡಿನ ಕಿರಿದಾದ ಕಾಲುಗಳು ಅದರಲ್ಲಿ ಹುಗಿದುಹೋಗುತ್ತವೆ. ಪ್ರತಿ ಸ್ಟ್ಯಾಂಡಿನ ಅಡಿಗೂ ಒಂದು ಅಡಿ ಚೌಕದ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡನ್ನು ಹಾಕಿದೆ. ಹಿಂದಿನ ಎರಡೂ ಚಕ್ರಗಳ ಹಿಂದೆ ಮತ್ತು ಮುಂದೆ ಮರದ ತುಂಡುಗಳನ್ನು ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ಒಂದರಲ್ಲಿ ಇಟ್ಟೆ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಮುಂಭಾಗ ಎತ್ತಿದಾಗ ಅದು ಉಪಯೋಗಕ್ಕೆ ಬರುತ್ತದೆ. ಜಾಕ್ ಕೊಡುವ ಮೊದಲು ಬಾಗಿಲಿನ ಕೆಳಗಿನ ಅಂಚನ್ನು ಬೆರಳಿನಿಂದ ಒತ್ತಿ, ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ ನೋಡಿದೆ. ಕಡಲಿನ ಹತ್ತಿರದ ಊರುಗಳ ಕಾರುಗಳಲ್ಲಿ ಈ ಅಂಚು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನಿಂದ ತುಕ್ಕು ತಿಂದಿರುವುದುಂಟು. ಮಲ್ಪೆ, ಕಾಪು, ಪಡುಬಿದ್ರಿಯ ಕಡಲ ಬದಿಯಲ್ಲಿ ಕಾರು ನಿಲ್ಲಿಸುವವರು ಈ ಪರೀಕ್ಷೆಯನ್ನು ಬಿಡಲೇಬಾರದು. ಸ್ಟ್ಯಾಂಡುಗಳ ಮೇಲೆ ಕಾರನ್ನು ಇಳಿಸಿದ ಮೇಲೆ ಮುಂಭಾಗವನ್ನು ಎರಡೂ ಕೈಗಳಿಂದ ಬಲವಾಗಿ ಅಲ್ಲಾಡಿಸಿ, ಅದು ಸ್ವಲ್ಪವೂ ಜರುಗದಿದ್ದಾಗ ಮಾತ್ರ ಅಡಿಗೆ ಹೋದೆ. ಜಾಕನ್ನು ಕೂಡ ಸ್ವಲ್ಪ ಭಾರ ತಾಗುವಂತೆ ಅಲ್ಲಿಯೇ ಬಿಟ್ಟಿದ್ದೆ.

ಕೆಲಸದ ಜಾಗವನ್ನು ಬಾವಿಯಿಂದ ಆದಷ್ಟು ದೂರಕ್ಕೆ, ಅಂಗಳದ ನೀರು ಬಾವಿಯ ಕಡೆಗೆ ಹರಿಯದ ಪಕ್ಕಕ್ಕೆ ಆರಿಸಿಕೊಂಡಿದ್ದೆ. ನೆಲಕ್ಕೆ ದಪ್ಪ ಟಾರ್ಪಾಲು ಹಾಸಿ, ಅದರ ಅಂಚುಗಳ ಅಡಿಗೆ ರೀಪಿನ (ಹಂಚಿನ ಮಾಡಿಗೆ ಬಳಸುವ ಮರದ ಪಟ್ಟಿಯ) ತುಂಡುಗಳನ್ನು ಕೊಟ್ಟು ಎತ್ತರಿಸಿ, ಆಯಿಲ್ ಬೀಳುವ ಜಾಗದಲ್ಲಿ ಮರದ ಮಿಲ್ಲಿನಿಂದ ತಂದ ಮರದ ಹುಡಿಯನ್ನು ಹರಡಿದ್ದೆ. ಒಂದು ತೊಟ್ಟೂ ಮುರಕಲ್ಲಿಗೆ ತಾಗಬಾರದೆಂಬ ಇಷ್ಟೊಂದು ಕಾಳಜಿಯ ಕಾರಣವನ್ನು ಮುಂದೆ ಹೇಳುತ್ತೇನೆ.

ಕಾರನ್ನು ಎತ್ತುವ ಮೊದಲು ಎಂಜಿನ್ನನ್ನು ಐದು ನಿಮಿಷ ಚಾಲೂ ಇಟ್ಟು ನಿಲ್ಲಿಸಿದ್ದೆ. ತಣ್ಣಗಿನ ಆಯಿಲ್ ನಿಧಾನವಾಗಿ ಇಳಿಯುತ್ತದೆ ಮತ್ತು ಕಲ್ಮಶವನ್ನು ತಳದಲ್ಲಿಯೇ ಬಿಟ್ಟುಬರುತ್ತದೆ; ದೂರ ಓಡಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ. ಉಗುರು ಬಿಸಿಗಿಂತ ಸ್ವಲ್ಪ ಹೆಚ್ಚು ಬಿಸಿ ಇದ್ದರೆ ಸರಿ. ಬಾನೆಟ್ ತೆರೆದು ಆಯಿಲ್ ತುಂಬುವ ಮುಚ್ಚಳವನ್ನು ಮೊದಲೇ ಸಡಿಲಿಸಿದರೆ ಗಾಳಿ ಒಳಗೆ ಬಂದು ಆಯಿಲ್ ಒಂದೇ ಧಾರೆಯಾಗಿ ಇಳಿಯುತ್ತದೆ.

ಈ ಸಲ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ತೆಳ್ಳಗೆ ಕೆನೆಬಣ್ಣದ ಪದರ ಕಂಡಿತು. ಇದನ್ನು ನೋಡಿ ಹೆದರಿ, ಕೂಲೆಂಟ್ ಆಯಿಲಿಗೆ ಸೇರದಂತೆ ಎಂಜಿನ್ನಿನ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ದೊಡ್ಡ ಖರ್ಚಿಗೆ ಒಪ್ಪಿಕೊಳ್ಳುವ ಮೊದಲು ಎರಡು ವಿಷಯಗಳನ್ನು ನೋಡಬೇಕು. ಮೊದಲನೆಯದು, ಕೂಲೆಂಟ್ ಡಬ್ಬಿಯ ಮಟ್ಟ. ತಿಂಗಳುಗಳಿಂದ ಅದು ಒಂದೇ ಗೆರೆಯಲ್ಲಿ ನಿಂತಿದ್ದರೆ ಆಯಿಲಿನಲ್ಲಿರುವ ನೀರು ರೇಡಿಯೇಟರಿನದ್ದಾಗಿರುವ ಸಾಧ್ಯತೆ ಕಡಿಮೆ. ಎರಡನೆಯದು, ಆಯಿಲಿನ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಮತ್ತು ಇಳಿಸಿದ ಆಯಿಲ್. ಮುಚ್ಚಳದಲ್ಲಿ ಮಾತ್ರ ಕೆನೆ ಇದ್ದು ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕೆನೆಯಿಲ್ಲದೆ ಕಪ್ಪು ಅಥವಾ ಕಂದು ಬಣ್ಣದಲ್ಲಿದ್ದರೆ, ಅದು ಚಿಕ್ಕ ಓಡಾಟ ಮತ್ತು ಮಳೆಗಾಲದ ತಂಪಿನಲ್ಲಿ ಎಂಜಿನ್ನಿನ ಮೇಲ್ಭಾಗದಲ್ಲಿ ಹನಿಗಟ್ಟಿದ ಆವಿಯ ಗುರುತು. ಚೇಂಬರಿನಿಂದ ಇಳಿದ ಆಯಿಲೇ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಜೊತೆಗೆ ಕೂಲೆಂಟ್ ಇಳಿಯುತ್ತಿದ್ದರೆ, ಕಾರನ್ನು ಓಡಿಸದೆ ನುರಿತ ಮೆಕ್ಯಾನಿಕರನ್ನು ಕರೆಸಬೇಕು. ನಮ್ಮ ಕಾರಿನ ಕೂಲೆಂಟ್ ಗೆರೆಯಲ್ಲಿಯೇ ಇತ್ತು. ಮುಚ್ಚಳವನ್ನು ಒರೆಸಿ ಇಟ್ಟೆ.

ಡ್ರೈನ್ ಬೋಲ್ಟ್ ಸುಲಭಕ್ಕೆ ಬಿಚ್ಚಿಕೊಳ್ಳಲಿಲ್ಲ. ಚೇಂಬರಿನ ಬಣ್ಣ ಬೋಲ್ಟಿನ ಸುತ್ತ ಸಿಪ್ಪೆ ಎದ್ದು ತುಕ್ಕು ಹಿಡಿದಿತ್ತು. ಉಪ್ಪುಗಾಳಿ ಮತ್ತು ರಸ್ತೆಯ ಕೆಸರುನೀರು ಎರಡೂ ನೇರವಾಗಿ ತಾಗುವ ಜಾಗ ಅದು. ಮೊದಲು ತಂತಿ ಬ್ರಷ್‌ನಿಂದ ಬೋಲ್ಟಿನ ಆರು ಮುಖಗಳನ್ನೂ ಲೋಹ ಕಾಣುವ ತನಕ ಉಜ್ಜಿದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಲು ಗಂಟೆ ಬಿಟ್ಟೆ. ಆಮೇಲೆ ಸಾಕೆಟನ್ನು ಪೂರ್ತಿ ಒಳಗೆ ಕೂರಿಸಿ, ಒಂದು ಕೈಯಿಂದ ಸಾಕೆಟಿನ ತಲೆಯನ್ನು ಬೋಲ್ಟಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಯನ್ನು ಒಂದೇ ಸಮನೆ ಎಳೆದೆ. ಇಂಥಲ್ಲಿ ಓಪನ್ ಸ್ಪ್ಯಾನರ್ ಅಥವಾ ಹನ್ನೆರಡು ಮೂಲೆಯ ಸಾಕೆಟ್ ಬಳಸಿದರೆ ಬೋಲ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಕಾರಿನ ಅಡಿಯಲ್ಲಿ ಮಲಗಿದಾಗ ಎಡ ಬಲ ಮರೆಯುವುದು ಸುಲಭ. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುವಂತೆ ಕಲ್ಪಿಸಿಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಸಡಿಲವಾದ ನಂತರ ಕೈಯಿಂದಲೇ ತಿರುಗಿಸುತ್ತ, ಕೊನೆಯ ಸುತ್ತಿನಲ್ಲಿ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದು ಒಮ್ಮೆಲೇ ಪಕ್ಕಕ್ಕೆ ಸರಿಸಿದರೆ ಕೈಗೆ ಆಯಿಲ್ ಕಡಿಮೆ ತಾಗುತ್ತದೆ. ಮೊದಲ ಧಾರೆ ನೇರ ಕೆಳಕ್ಕೆ ಬೀಳದೆ ಬೋಲ್ಟ್ ನೋಡುವ ದಿಕ್ಕಿಗೆ ಒಂದು ಗೇಣಿನಷ್ಟು ದೂರ ಹಾರುತ್ತದೆ ಎಂಬುದನ್ನು ಎಣಿಸಿ ತಟ್ಟೆಯನ್ನು ಇಡಬೇಕು.

ಪೂರ್ತಿ ಇಳಿಯಲು ಇಪ್ಪತ್ತು ನಿಮಿಷ ಕೊಟ್ಟೆ. ಈ ಹೊತ್ತು ವ್ಯರ್ಥವಲ್ಲ, ಯಾಕೆಂದರೆ ಹಳೆಯ ಆಯಿಲ್ ಎಂಜಿನ್ನಿನ ಒಳಗಿನ ಸುದ್ದಿಯನ್ನು ಹೇಳುತ್ತದೆ. ಕಪ್ಪಾಗಿರುವುದು ದೋಷವಲ್ಲ; ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಂಡು ಎಂಜಿನ್ನಿಗೆ ಅಂಟದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಹಾಕಿ ಬಿಸಿಲಿಗೆ ಹಿಡಿದು ಲೋಹದ ಮಿನುಗು ಇದೆಯೇ ಎಂದು ನೋಡಿದೆ, ಇರಲಿಲ್ಲ. ಮೂಸಿದಾಗ ಪೆಟ್ರೋಲಿನ ವಾಸನೆ ಸ್ವಲ್ಪ ಬಂತು; ಮಳೆಗಾಲದ ಚಿಕ್ಕ ಓಡಾಟಕ್ಕೆ ಅಷ್ಟು ಸಹಜ. ಇಳಿದ ಆಯಿಲನ್ನು ಆಮೇಲೆ ಅಳತೆಯ ಗುರುತಿರುವ ಕ್ಯಾನಿಗೆ ಹಾಕಿ ನೋಡಿದಾಗ 2.9 ಲೀಟರಿನ ಹತ್ತಿರ ಬಂತು. ಹಾಕಿದ್ದು ಎಷ್ಟು, ವರ್ಷದ ಬಳಿಕ ಬಂದದ್ದು ಎಷ್ಟು ಎಂಬುದನ್ನು ಪ್ರತಿಸಲ ಬರೆದಿಟ್ಟರೆ ಎಂಜಿನ್ ಆಯಿಲ್ ತಿನ್ನತೊಡಗಿದ್ದನ್ನು ಹೊಗೆ ಕಾಣುವ ಬಹಳ ಮೊದಲೇ ತಿಳಿಯಬಹುದು. ಗ್ಯಾರೇಜಿನಲ್ಲಿ ಯಾರೂ ನಿಮಗಾಗಿ ಈ ಅಳತೆ ತೆಗೆಯುವುದಿಲ್ಲ. ಮನೆಯಲ್ಲಿ ಮಾಡುವುದರ ದೊಡ್ಡ ಲಾಭ ನನ್ನ ಮಟ್ಟಿಗೆ ಇದೇ. ಉಳಿಯುವ ಹಣ ಅದರ ನಂತರದ್ದು.

ಫಿಲ್ಟರನ್ನು ಕಪ್ ಕೂರಿಸಿ ಬಿಚ್ಚಿದೆ. ಕಪ್ ಇಲ್ಲದವರು ಸ್ಕ್ರೂಡ್ರೈವರನ್ನು ಫಿಲ್ಟರಿಗೆ ಚುಚ್ಚಿ ತಿರುಗಿಸುವುದುಂಟು. ತಗಡು ಹರಿದು ತಳ ಮಾತ್ರ ಎಂಜಿನ್ನಿಗೆ ಅಂಟಿಕೊಂಡು ಉಳಿದರೆ ಆಮೇಲೆ ಹಿಡಿಯಲು ಏನೂ ಇರುವುದಿಲ್ಲ. ಫಿಲ್ಟರಿನ ಒಳಗೆ ಒಂದಷ್ಟು ಆಯಿಲ್ ನಿಂತಿರುವುದರಿಂದ ಬಾಯಿ ಮೇಲೆ ಮಾಡಿ ಇಳಿಸಿ, ತಟ್ಟೆಯಲ್ಲಿ ಕವುಚಿ ಇಟ್ಟೆ. ಈ ಹಂತದಲ್ಲಿ ತಪ್ಪದೆ ಮಾಡಬೇಕಾದ ಕೆಲಸ ಒಂದಿದೆ: ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಅದರ ಜೊತೆಗೇ ಬಂದಿದೆಯೇ ಎಂದು ನೋಡುವುದು. ಅದು ಎಂಜಿನ್ನಿನ ಮುಖಕ್ಕೆ ಅಂಟಿ ಉಳಿದು, ಅದರ ಮೇಲೆ ಹೊಸ ಉಂಗುರ ಕೂತರೆ, ಎಂಜಿನ್ ಚಾಲೂ ಆಗಿ ಒತ್ತಡ ಏರಿದ ಕೂಡಲೇ ಎರಡರ ನಡುವಿನಿಂದ ಆಯಿಲ್ ಚಿಮ್ಮಿ ಕೆಲವೇ ನಿಮಿಷಗಳಲ್ಲಿ ಚೇಂಬರ್ ಬರಿದಾಗಬಹುದು. ಎಂಜಿನ್ನಿನ ಮುಖವನ್ನು ಬಟ್ಟೆಯಿಂದ ಒರೆಸಿ, ಬೆರಳು ಆಡಿಸಿ ನೋಡಿ, ಹೊಸ ಫಿಲ್ಟರಿನ ಉಂಗುರಕ್ಕೆ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ ಕೂರಿಸಿದೆ. ಉಂಗುರ ಮುಖಕ್ಕೆ ತಾಗಿದ ಮೇಲೆ ಮುಕ್ಕಾಲು ಸುತ್ತು. ಅದಕ್ಕಿಂತ ಹೆಚ್ಚು ಬೇಡ.

ಬೋಲ್ಟಿನ ಹಳೆಯ ವಾಷರನ್ನು ತೆಗೆದು ಹೊಸದನ್ನು ಹಾಕಿದೆ. ಒಮ್ಮೆ ಅದುಮಿಕೊಂಡು ಸಂದು ಮುಚ್ಚಿದ ವಾಷರ್ ಎರಡನೆಯ ಸಲ ಹಾಗೆಯೇ ಮುಚ್ಚುವುದಿಲ್ಲ. ಸೋರುತ್ತದೆಂದು ಬೋಲ್ಟನ್ನೇ ಇನ್ನಷ್ಟು ಬಿಗಿಯುತ್ತ ಹೋದರೆ ಚೇಂಬರಿನ ತಿರುಪಿನ ಹಲ್ಲುಗಳು ಕಿತ್ತುಬರುತ್ತವೆ. ಕೆಲವೇ ರೂಪಾಯಿಯ ವಾಷರಿನಲ್ಲಿ ಉಳಿಸಲು ಹೋಗಿ ಚೇಂಬರನ್ನು ಕೆಡಿಸಿಕೊಳ್ಳುವುದು ಎಲ್ಲ ಕಡೆಯೂ ಕಾಣುವ ವಿಷಯ. ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ, ಕೊನೆಗೆ ಟಾರ್ಕ್ ರೆಂಚನ್ನು ಕೈಪಿಡಿ ಹೇಳುವ 35 ನ್ಯೂಟನ್ ಮೀಟರಿಗೆ ಇಟ್ಟು ಬಿಗಿದೆ. ಎತ್ತಿ ಆಡಿಸುವ ತೋಳಿನ ಬಲಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ ಎನಿಸುತ್ತದೆ, ಆದರೆ ಅಷ್ಟೇ ಬೇಕಾದದ್ದು. ಬೋಲ್ಟಿನ ಸುತ್ತಲಿನ ತುಕ್ಕನ್ನು ಉಜ್ಜಿ, ಆಯಿಲಿನ ಪಸೆಯನ್ನು ಪೂರ್ತಿ ಒರೆಸಿ, ತುಕ್ಕು ತಡೆಯುವ ಪ್ರೈಮರಿನ ಮೇಲೆ ಕಪ್ಪು ಬಣ್ಣ ಬಳಿದೆ. ಮುಂದಿನ ವರ್ಷ ಬೋಲ್ಟ್ ಇಷ್ಟು ಸತಾಯಿಸಬಾರದೆಂದರೆ ಈ ಹತ್ತು ನಿಮಿಷದ ಕೆಲಸವನ್ನು ಕರಾವಳಿಯವರು ಪ್ರತಿಸಲ ಮಾಡುವುದು ಒಳ್ಳೆಯದು.

ಬಣ್ಣ ಆರಿದ ನಂತರ ಕಾರನ್ನು ಸಮತಟ್ಟಿಗೆ ಇಳಿಸಿ, ಲಾಳಿಕೆ ಇಟ್ಟು ಮೊದಲು 2.7 ಲೀಟರ್ ಹೊಸ ಆಯಿಲ್ ಸುರಿದೆ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋದೆ. ಕಡಿಮೆ ಇದ್ದರೆ ಸೇರಿಸಬಹುದು. ಹೆಚ್ಚಾದದ್ದನ್ನು ತೆಗೆಯಲು ಪುನಃ ಬೋಲ್ಟಿಗೇ ಹೋಗಬೇಕು. ಮೇಲಿನ ಗೆರೆಯನ್ನು ಬಹಳ ಮೀರಿದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ ಮತ್ತು ನೊರೆ ತುಂಬಿದ ಆಯಿಲಿನಿಂದ ಬೇರಿಂಗುಗಳಿಗೆ ರಕ್ಷಣೆ ಸಿಗುವುದಿಲ್ಲ. ಮುಚ್ಚಳ ಹಾಕಿ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ಆಯಿಲಿನ ಕೆಂಪು ದೀಪ ಆರುವುದನ್ನು ಕಾದೆ. ಬರಿದಾದ ಫಿಲ್ಟರ್ ತುಂಬಿಕೊಳ್ಳುವ ತನಕ ಎರಡು ಮೂರು ಸೆಕೆಂಡು ಅದು ಉರಿಯುವುದು ಸಹಜ. ಅದಕ್ಕೂ ಮೀರಿ ಉರಿಯುತ್ತಿದ್ದರೆ ಕೂಡಲೇ ನಿಲ್ಲಿಸಬೇಕು. ಮೂರು ನಿಮಿಷ ಓಡಿಸಿ, ಟಾರ್ಚ್ ಹಿಡಿದು ಬೋಲ್ಟ್ ಮತ್ತು ಫಿಲ್ಟರಿನ ಸುತ್ತ ನೋಡಿ, ನಿಲ್ಲಿಸಿ, ಮತ್ತೆ ಐದು ನಿಮಿಷ ಕಾದು ಮಟ್ಟ ನೋಡಿದಾಗ ಫಿಲ್ಟರ್ ಕುಡಿದಷ್ಟು ಇಳಿದಿತ್ತು. ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ಬರುವಂತೆ ತುಂಬಿಸಿದೆ.

ಇಲ್ಲಿಗೆ ಕಾರಿನ ಕೆಲಸ ಮುಗಿಯಿತು. ಆದರೆ ಹಳೆಯ ಆಯಿಲ್ ಇನ್ನೂ ಅಂಗಳದಲ್ಲಿಯೇ ಇದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದಲ್ಲಿ ಹೆಚ್ಚು ಜವಾಬ್ದಾರಿಯ ಭಾಗ ಇದು, ಹೆಚ್ಚು ಅಸಡ್ಡೆಗೆ ಗುರಿಯಾಗುವುದೂ ಇದೇ.

ತಟ್ಟೆಯಿಂದ ಕ್ಯಾನಿಗೆ ಸುರಿಯುತ್ತಿದ್ದಾಗ ಪಕ್ಕದ ಮನೆಯ ಹಿರಿಯರು ಬೇಲಿಯ ಆಚೆಯಿಂದ ಕೇಳಿದರು: “ಅದನ್ನು ಬಿಸಾಡಬೇಡಿ ಮಾರಾಯ್ರೆ, ನನಗೆ ಕೊಡಿ. ಕೊಟ್ಟಿಗೆಯ ಕಂಬಕ್ಕೂ ಬೇಲಿಯ ಗೂಟಕ್ಕೂ ಬಳಿಯಲಿಕ್ಕೆ ಆಗ್ತದೆ, ಗೆದ್ದಲು ಹತ್ತಿರ ಬರುವುದಿಲ್ಲ.” ಅವರು ಹೇಳಿದ್ದು ನಮ್ಮ ಊರಿನಲ್ಲಿ ತಲೆಮಾರಿನಿಂದ ನಡೆದುಬಂದ ರೂಢಿ. ಮಾಡಿನ ಪಕಾಸು, ರೀಪು, ಕಾಂಕ್ರೀಟ್ ಎರೆಯುವ ಸೆಂಟ್ರಿಂಗ್ ಹಲಗೆ, ಎಲ್ಲದಕ್ಕೂ ಸುಟ್ಟ ಆಯಿಲ್ ಬಳಿಯುವುದನ್ನು ನಾವೆಲ್ಲ ನೋಡಿಯೇ ಬೆಳೆದವರು. ಅವರಿಗೆ ಗೌರವದಿಂದಲೇ ಹೇಳಿದೆ: “ಕೊಡಬಹುದಿತ್ತು ಅಣ್ಣ, ಆದರೆ ನಿಮ್ಮ ಗೂಟಗಳಿಂದ ಬಾವಿಗೆ ಇಪ್ಪತ್ತು ಹೆಜ್ಜೆ ಕೂಡ ಇಲ್ಲ. ನಾಳೆ ಮಳೆಗೆ ಅದು ಇಳಿದು ಹೋಗುವುದು ಎಲ್ಲಿಗೆ?” ಅವರು ಸ್ವಲ್ಪ ಹೊತ್ತು ಬಾವಿಯ ಕಡೆಗೆ ನೋಡಿ, “ಅದೂ ಹೌದು. ಹಾಗಾದರೆ ಗೇರೆಣ್ಣೆಯೇ ಬಳಿಯುತ್ತೇನೆ” ಎಂದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಎಣ್ಣೆ ಮರಕ್ಕೆ ಬಳಿಯಲು ನಮ್ಮ ಕಡೆ ಹಿಂದಿನಿಂದಲೂ ಬಳಕೆಯಲ್ಲಿದೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ ಎಂಬ ಎಚ್ಚರ ಅದಕ್ಕೂ ಬೇಕು.

ಮುರಕಲ್ಲು ನೀರನ್ನು ಹಿಡಿದಿಡುವ ಕಲ್ಲಲ್ಲ, ಬಿಟ್ಟುಕೊಡುವ ಕಲ್ಲು. ಅದರ ತೂತುಗಳ ಮೂಲಕ ಮಳೆನೀರು ಬೇಗನೆ ಇಳಿದು ಬಾವಿಗಳನ್ನು ತುಂಬಿಸುತ್ತದೆ. ಆಟಿ ತಿಂಗಳಿನ (ಜುಲೈ-ಆಗಸ್ಟ್) ಮಳೆಗೆ ನಮ್ಮ ಬಾವಿಗಳು ಮೇಲೆ ಬರುವ ವೇಗವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಹೋದ ದಾರಿಯಲ್ಲಿಯೇ ಆಯಿಲ್ ಕೂಡ ಹೋಗುತ್ತದೆ. ಒಂದು ಸಲದ ಬದಲಾವಣೆಯಲ್ಲಿ ಇಳಿಯುವ ಹಳೆಯ ಆಯಿಲ್ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಎಂಜಿನ್ನಿನಲ್ಲಿ ಸುಟ್ಟ ಆಯಿಲಿನಲ್ಲಿ ಸವೆದ ಲೋಹದ ಕಣಗಳಲ್ಲದೆ, ದಹನದಿಂದ ಬಂದ ಬಹುವಲಯದ ಹೈಡ್ರೋಕಾರ್ಬನ್‌ಗಳೂ ಸೇರಿರುತ್ತವೆ. ಅವುಗಳಲ್ಲಿ ಹಲವು ಕ್ಯಾನ್ಸರ್‌ಕಾರಕಗಳು. ಇಲಿಗಳ ಚರ್ಮಕ್ಕೆ ಹಳೆಯ ಎಂಜಿನ್ ಆಯಿಲ್ ಸವರಿ ನಡೆಸಿದ ಪ್ರಯೋಗಗಳಲ್ಲಿ ಗಡ್ಡೆಗಳು ಕಾಣಿಸಿಕೊಂಡಿವೆ. ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕಾಗಿ.

ಕಾನೂನಿನ ಪ್ರಕಾರವೂ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೇ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಪಟ್ಟಿಯಲ್ಲಿ ಅದು ಇದೆ. 2023ರ ತಿದ್ದುಪಡಿಯ ಮೂಲಕ, 2024ರ ಏಪ್ರಿಲ್ 1ರಿಂದ, ಬಳಸಿದ ಆಯಿಲಿನ ಮರುಬಳಕೆಗೆ ಆಯಿಲ್ ತಯಾರಕರನ್ನು ಹೊಣೆ ಮಾಡಲಾಗಿದೆ. ಆಯಿಲ್ ಎಂಬುದು ಸವೆದು ಮುಗಿಯುವ ವಸ್ತುವಲ್ಲ. ಸೇರಿಸಿದ ರಾಸಾಯನಿಕಗಳು ಖರ್ಚಾಗಿ ಕೊಳೆ ಸೇರಿಕೊಂಡರೂ, ಮೂಲದ ಎಣ್ಣೆಯನ್ನು ಸಂಸ್ಕರಿಸಿ ಮತ್ತೆ ಆಯಿಲ್ ಮಾಡಬಹುದು. ಅದಕ್ಕೆ ಅದು ಶುದ್ಧವಾಗಿ ತಲುಪಬೇಕು. ಕೂಲೆಂಟ್, ಬ್ರೇಕ್ ಆಯಿಲ್, ಸೀಮೆಎಣ್ಣೆ, ಮಳೆನೀರು ಯಾವುದೂ ಬೆರೆಯಬಾರದು. ಹೊಸ ಆಯಿಲ್ ಬಂದ ಕ್ಯಾನೇ ಹಳೆಯದಕ್ಕೆ ಸರಿಯಾದ ಪಾತ್ರೆ. ಅದರ ಮೇಲೆ ದೊಡ್ಡದಾಗಿ ‘ಹಳೆ ಆಯಿಲ್’ ಎಂದು ಬರೆದು ಅಂಟಿಸಿದೆ. ಕುಡಿಯುವ ನೀರಿನ ಬಾಟಲಿಗೆ ಅಥವಾ ತೆಂಗಿನೆಣ್ಣೆಯ ಡಬ್ಬಿಗೆ ಅದನ್ನು ತುಂಬಿಸಿ ಮನೆಯಲ್ಲಿ ಇಡುವುದು ಮಕ್ಕಳಿರುವ ಮನೆಯಲ್ಲಿ ದೊಡ್ಡ ಅಪಾಯ.

ಫಿಲ್ಟರನ್ನು ಒಂದು ರಾತ್ರಿ ಕವುಚಿ ಇಟ್ಟಾಗ ಅದರಿಂದಲೂ ಸಾಕಷ್ಟು ಇಳಿಯಿತು. ಮರುದಿನ ಉಡುಪಿಯಲ್ಲಿ, ಬಳಸಿದ ಆಯಿಲನ್ನು ಡ್ರಮ್ಮಿನಲ್ಲಿ ತುಂಬಿ ಅಧಿಕೃತ ಸಂಸ್ಕರಣೆಯವರಿಗೆ ಕೊಡುವ ಒಂದು ಸರ್ವಿಸ್ ಸೆಂಟರಿಗೆ ಮೊದಲೇ ಫೋನ್ ಮಾಡಿ ಒಪ್ಪಿಸಿಕೊಂಡು, ಕ್ಯಾನನ್ನೂ ಫಿಲ್ಟರನ್ನೂ ಕೊಟ್ಟುಬಂದೆ. ನಿಮ್ಮ ಹತ್ತಿರದ ಗ್ಯಾರೇಜಿನವರು ತೆಗೆದುಕೊಳ್ಳುವುದಾದರೆ, ಅವರು ಅದನ್ನು ಯಾರಿಗೆ ಕೊಡುತ್ತಾರೆ ಎಂದು ಕೇಳಿಯೇ ಕೊಡಿ. ಸೆಂಟ್ರಿಂಗ್ ಹಲಗೆಗೆ ಬಳಿಯುವವರಿಗೋ ಒಲೆಯಲ್ಲಿ ಉರಿಸುವವರಿಗೋ ಮಾರುತ್ತಾರೆಂದು ತಿಳಿದರೆ ಬೇರೆ ಕಡೆ ವಿಚಾರಿಸಿ. ಯಾರಿಗೂ ಒಪ್ಪಿಸಲಾಗದಿದ್ದರೆ ಮಂಗಳೂರು ಮತ್ತು ಉಡುಪಿಯಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗಳಿವೆ, ಅಲ್ಲಿ ಕೇಳಬಹುದು. ಆಯಿಲ್ ಹೀರಿದ ಮರದ ಹುಡಿ ಮತ್ತು ಕಾಟನ್ ವೇಸ್ಟನ್ನು ಒಟ್ಟುಮಾಡಿ ಅದೇ ಸೆಂಟರಿನ ಎಣ್ಣೆ ಬಟ್ಟೆಯ ಡಬ್ಬಿಗೆ ಹಾಕಿದೆ. ಅದನ್ನು ತೆಂಗಿನ ಬುಡಕ್ಕಾಗಲಿ ಬಚ್ಚಲಿನ ಒಲೆಗಾಗಲಿ ಹಾಕುವಂತಿಲ್ಲ.

ಬಿಲ್, ಕಿಲೋಮೀಟರ್, ದಿನಾಂಕ, ಇಳಿದ ಆಯಿಲಿನ ಅಳತೆ, ಹಾಕಿದ ಆಯಿಲಿನ ಹೆಸರು ಇವನ್ನು ಕಾರಿನ ಪುಸ್ತಕದಲ್ಲಿ ಬರೆದು, ಮುಂದಿನ ಅಕ್ಟೋಬರಿನ ಗುರುತನ್ನು ಬಾನೆಟ್‌ನ ಒಳಭಾಗದಲ್ಲಿ ಅಂಟಿಸಿದ್ದೇನೆ. ಒಂದು ವಾರದ ಓಡಾಟದ ನಂತರ ಕಾರು ನಿಲ್ಲುವ ಜಾಗದಲ್ಲಿ ರಾತ್ರಿ ರಟ್ಟು ಹಾಸಿ ಬೆಳಿಗ್ಗೆ ನೋಡಿದಾಗ ರಟ್ಟು ಒಣಗಿತ್ತು, ಡಿಪ್‌ಸ್ಟಿಕ್ಕಿನ ಮಟ್ಟವೂ ಬರೆದಿಟ್ಟ ಗೆರೆಯಲ್ಲಿಯೇ ಇತ್ತು.